ಮಗುವಿನ ಕೊರಳಿನ ಗಂಟು: ಕತ್ತರಿಸುವ ಮುನ್ನ ಒಂದು ಪ್ರಶ್ನೆ

ಮಗುವಿನ ಕೊರಳಿನ ನಡುವೆ ಗಂಟೊಂದು ಕಂಡಾಗ ಕೆಲವರು ಲೇಪ ಹಚ್ಚಿ, ಬರೆ ಹಾಕಿಸಿ ಕಾಲ ಕಳೆಯುವರು. ಕೆಲವರು ಕೂಡಲೇ ಕತ್ತರಿಸಿ ತೆಗೆಸಲು ಆತುರಪಡುವರು. ಎರಡೂ ಸಲ್ಲವೆಂಬುದು ನಮ್ಮ ಅಭಿಪ್ರಾಯ. ಮೊದಲು ಆಗಬೇಕಾದುದು ರೋಗನಿದಾನ.

ಥೈರಾಯ್ಡ್ ಗ್ರಂಥಿಯು ಮೊಳೆಯುವುದು ಕೊರಳಿನಲ್ಲಲ್ಲ, ನಾಲಿಗೆಯ ಬುಡದಲ್ಲಿ. ಗರ್ಭದ ನಾಲ್ಕನೆಯ ವಾರದ ಸುಮಾರಿಗೆ ಅಲ್ಲಿ ಹುಟ್ಟಿ, ಮೆಲ್ಲನೆ ಕೆಳಗಿಳಿದು, ಏಳನೆಯ ವಾರದ ವೇಳೆಗೆ ಕೊರಳಿನಲ್ಲಿರುವ ತನ್ನ ನೆಲೆಯನ್ನು ಸೇರುತ್ತದೆ. ಕೆಲವು ಶಿಶುಗಳಲ್ಲಿ ಈ ಪಯಣ ನಡುದಾರಿಯಲ್ಲೇ ನಿಲ್ಲುವುದುಂಟು. ಆಗ ಗ್ರಂಥಿಯು ನಾಲಿಗೆಯ ಬುಡದಲ್ಲಿಯೋ ಗದ್ದದ ಕೆಳಗೆಯೋ ಉಳಿದು ಗಂಟಿನಂತೆ ತೋರುತ್ತದೆ.

ಇದೇ ಎಡೆಯಲ್ಲಿ ಮಕ್ಕಳಿಗೆ ಹೆಚ್ಚಾಗಿ ಕಾಣುವುದು ಥೈರೋಗ್ಲಾಸಲ್ ಸಿಸ್ಟ್ ಎಂಬ ನೀರುಗಂಟು. ನುಂಗುವಾಗ, ನಾಲಿಗೆ ಚಾಚಿದಾಗ ಅದು ಮೇಲಕ್ಕೆ ಸರಿಯುತ್ತದೆ. ನೆಲೆ ತಪ್ಪಿದ ಗ್ರಂಥಿಯೂ ಹಾಗೆಯೇ ಸರಿಯಬಲ್ಲದು. ಮುಟ್ಟಿ ನೋಡಿದ ಮಾತ್ರಕ್ಕೆ ಇವೆರಡನ್ನು ಬೇರ್ಪಡಿಸಲಾಗದು. ಸಿಸ್ಟನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುವುದು ಸರಿಯೇ. ಆದರೆ ನೆಲೆ ತಪ್ಪಿದ ಗ್ರಂಥಿಯು ಅನೇಕ ಮಕ್ಕಳಲ್ಲಿ ದೇಹಕ್ಕಿರುವ ಏಕೈಕ ಥೈರಾಯ್ಡ್. ಅದನ್ನು ಸಿಸ್ಟ್ ಎಂದು ಬಗೆದು ಕತ್ತರಿಸಿದರೆ ಮಗುವು ಬಾಳಿನುದ್ದಕ್ಕೂ ಥೈರಾಕ್ಸಿನ್ ಮಾತ್ರೆಯನ್ನೇ ನೆಚ್ಚಬೇಕಾಗುವುದು. ಕತ್ತರಿಸಿದ್ದೇನೆಂಬುದು ಅರಿವಿಗೆ ಬಾರದೆ ಹೋದರೆ ಬೆಳವಣಿಗೆಯೇ ಕುಂಠಿತವಾಗುವುದು.

ಪರಿಹಾರ ಸರಳ. ಅಲ್ಟ್ರಾಸೌಂಡ್ ಮಾಡಿಸಿ, ಗ್ರಂಥಿಯು ಸ್ವಸ್ಥಾನದಲ್ಲಿದೆಯೇ ಎಂದು ನೋಡಬೇಕು. ಅದರಲ್ಲಿ ನೋವಿಲ್ಲ, ವಿಕಿರಣವಿಲ್ಲ. ಸ್ವಸ್ಥಾನ ಬರಿದಾಗಿದ್ದರೆ ಟಿಎಸ್‌ಎಚ್, ಟಿ4 ರಕ್ತಪರೀಕ್ಷೆಯೂ ಟೆಕ್ನೀಷಿಯಂ ಸ್ಕ್ಯಾನೂ ನಿಜವನ್ನು ತಿಳಿಸುವುವು. ಗ್ರಂಥಿಯ ಕಾರ್ಯ ಕುಂದಿದ್ದರೆ ಥೈರಾಕ್ಸಿನ್ ಕೊಡುವರು. ಎಷ್ಟೋ ವೇಳೆ ಅದರಿಂದಲೇ ಗಂಟು ಕುಗ್ಗುತ್ತದೆ. ಉಸಿರಾಟಕ್ಕೋ ನುಂಗುವುದಕ್ಕೋ ಅಡ್ಡಿಯಾದಾಗ, ರಕ್ತಸ್ರಾವವಾದಾಗ ಶಸ್ತ್ರಚಿಕಿತ್ಸೆಯನ್ನು ಯೋಚಿಸಬೇಕಾಗುವುದು. ಅಂಥ ತೊಂದರೆ ಕಂಡರೆ, ಜ್ವರದೊಡನೆ ಗಂಟು ಕೆಂಪೇರಿದರೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಸಹವೃತ್ತಿಯ ಆಯುರ್ವೇದ ವೈದ್ಯರಿಗೂ ಒಂದು ಮಾತು. ಸುಶ್ರುತಾಚಾರ್ಯರು ಗ್ರಂಥಿ, ಅಪಚಿ, ಅರ್ಬುದ, ಗಲಗಂಡಗಳನ್ನು ಒಂದೇ ಅಧ್ಯಾಯದಲ್ಲಿ ಹೇಳಿದರೂ ಲಕ್ಷಣಗಳಿಂದ ಬೇರೆ ಬೇರೆಯಾಗಿ ವಿಂಗಡಿಸಿರುವರು. ಊತವೆಲ್ಲ ಒಂದೇ ಅಲ್ಲವೆಂಬ ಆ ವಿವೇಕಕ್ಕೆ ಇಂದು ಯಂತ್ರವೂ ನೆರವಾಗಿದೆ. ಅದನ್ನು ಬಳಸಿದರೆ ಶಾಸ್ತ್ರಕ್ಕೆ ಕುಂದಿಲ್ಲ. ಕಾಂಚನಾರ ಗುಗ್ಗುಲು ಬರೆದುಕೊಡುವ ಮೊದಲು ಅಲ್ಟ್ರಾಸೌಂಡಿಗೆ ಚೀಟಿ ಬರೆಯೋಣ.

ತಂದೆತಾಯಿಗಳು ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಕೇಳಬೇಕಾದುದು ಒಂದೇ: "ನಮ್ಮ ಮಗುವಿನ ಥೈರಾಯ್ಡ್ ತನ್ನ ಸ್ಥಾನದಲ್ಲಿರುವುದನ್ನು ನೋಡಿದ್ದೀರಾ?" ಇದನ್ನು ಕೇಳಲು ಸಂಕೋಚ ಬೇಡ, ಒಳ್ಳೆಯ ವೈದ್ಯರಾರೂ ಈ ಪ್ರಶ್ನೆಗೆ ಬೇಸರಿಸರು.