ಮೂಳೆ ಕೂಡಿದ ಮೇಲೆ

ನನ್ನ ವಿದ್ಯಾರ್ಥಿಯೊಬ್ಬನು ಬೈಸಿಕಲ್ಲಿನಿಂದ ಬಿದ್ದು ಮೊಣಕಾಲಿನ ಕೆಳಗಿನ ಮೂಳೆಯನ್ನು ಮುರಿದುಕೊಂಡನು. ತೊಡೆಯವರೆಗೆ ಹಾಕಿದ್ದ ಪ್ಲಾಸ್ಟರನ್ನು ಎರಡು ತಿಂಗಳ ತರುವಾಯ ಬಿಚ್ಚಿ, ಎಕ್ಸ್-ಕಿರಣದ ಚಿತ್ರವನ್ನು ನೋಡಿ, "ಮೂಳೆ ಚೆನ್ನಾಗಿ ಕೂಡಿದೆ, ಇನ್ನು ಸ್ವಲ್ಪ ಓಡಾಡುತ್ತಿರು" ಎಂದು ಹೇಳಿ ಕಳುಹಿಸಿದರು. ಆರು ತಿಂಗಳು ಕಳೆದರೂ ಅವನು ಪ್ರಯೋಗಾಲಯದ ಒಂದೊಂದು ಮೆಟ್ಟಿಲಿನ ಮೇಲೂ ಎರಡು ಕಾಲನ್ನೂ ಊರಿಕೊಂಡೇ ಹತ್ತಿ ಬರುತ್ತಿದ್ದನು. ಒಂದು ತೊಡೆ ಇನ್ನೊಂದಕ್ಕಿಂತ ತೆಳುವಾಗಿತ್ತು. "ಮೂಳೆ ಕೂಡಿದೆಯಂತೆ ಸಾರ್, ಆದರೆ ಕಾಲನ್ನು ನಂಬುವುದಕ್ಕೆ ಆಗುವುದಿಲ್ಲ" ಎಂದನು.

ನಾನು ವೈದ್ಯನಲ್ಲ, ಭೌತಶಾಸ್ತ್ರವನ್ನು ಬೋಧಿಸುವವನು. ಆದರೆ ಇಲ್ಲಿರುವುದು ಮುಖ್ಯವಾಗಿ ಅಳತೆಯ ಪ್ರಶ್ನೆಯಾದುದರಿಂದ ನನ್ನ ಅಭಿಪ್ರಾಯವನ್ನು ವಾಚಕರ ಮುಂದಿಡುತ್ತಿದ್ದೇನೆ. ಗುಳಿಗೆಯನ್ನು ಕೊಡುವಾಗ ಎಷ್ಟು, ದಿನಕ್ಕೆ ಎಷ್ಟು ಸಲ, ಎಷ್ಟು ದಿನ ಎಂದು ಬರೆದುಕೊಡುತ್ತಾರೆ. ವ್ಯಾಯಾಮಕ್ಕೆ ಮಾತ್ರ ಅನೇಕ ವೇಳೆ "ಸ್ವಲ್ಪ" ಎಂಬುದೇ ಪ್ರಮಾಣ. ಇದು ಚಿಕಿತ್ಸೆಯನ್ನು ಅರ್ಧದಲ್ಲಿ ಕೈಬಿಟ್ಟಂತೆಯೇ ಸರಿ.

ಈ "ಸ್ವಲ್ಪ" ಎಂಬುದು ಎಷ್ಟು ಅನಿಶ್ಚಿತವೆಂಬುದನ್ನು ಸನ್ನೆಯ ನಿಯಮವೇ ತೋರಿಸುತ್ತದೆ. ಕುರ್ಚಿಯ ಮೇಲೆ ಕುಳಿತು, ಕಣಕಾಲಿಗೆ 2 ಕಿಲೋಗ್ರಾಂ ತೂಕದ ಮರಳಿನ ಚೀಲವನ್ನು ಕಟ್ಟಿಕೊಂಡಿದ್ದೇವೆಂದು ಭಾವಿಸೋಣ. ಕಾಲು ನೇರವಾಗಿ ಕೆಳಗೆ ತೂಗುತ್ತಿರುವಾಗ ಆ ತೂಕವು ಮೊಣಕಾಲನ್ನು ತಿರುಗಿಸಲಾರದು. ತೊಡೆಯ ಸ್ನಾಯುವಿಗೆ ಕೆಲಸವೇ ಇಲ್ಲ. ಕಾಲನ್ನು ನೆಲಕ್ಕೆ ಸಮಾಂತರವಾಗಿ ಎತ್ತಿದಾಗ ಅದೇ ಚೀಲವು ಕೀಲಿನಿಂದ ಸುಮಾರು 40 ಸೆಂಟಿಮೀಟರು ದೂರದಲ್ಲಿ ಕೆಳಕ್ಕೆ ಜಗ್ಗುತ್ತದೆ. ಸ್ನಾಯುವಾದರೋ ಕೀಲಿನಿಂದ ಸುಮಾರು 4 ಸೆಂಟಿಮೀಟರು ದೂರದಲ್ಲಿ ಮಾತ್ರ ಎಳೆಯಬಲ್ಲುದು. ಆದುದರಿಂದ ಕಾಲಿನ ಸ್ವಂತ ತೂಕವನ್ನು ಬಿಟ್ಟರೂ ಅದು 20 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲವನ್ನು ಪ್ರಯೋಗಿಸಬೇಕು. ಒಂದೇ ಚೀಲ, ಒಂದೇ ಕಾಲು. ಆದರೆ ಭಂಗಿಗೆ ತಕ್ಕಂತೆ ಹೊರೆ ಬೇರೆ.

ವ್ಯಾಯಾಮವನ್ನು ಅಳೆದು ಕೊಡಬಹುದೆಂಬುದು ಹೊಸ ಮಾತೇನೂ ಅಲ್ಲ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರು ಅಮೆರಿಕದ ಸೇನಾ ಆಸ್ಪತ್ರೆಗಳಲ್ಲಿ ತುಂಬಿದ್ದರು. ಆಗ ಷಿಕಾಗೋವಿನಲ್ಲಿ ಸೇನಾವೈದ್ಯರಾಗಿದ್ದ ಥಾಮಸ್ ಡಿಲಾರ್ಮ್ ಅವರು ಹಗುರವಾದ ತೂಕವನ್ನು ಬಹಳ ಸಲ ಎತ್ತಿಸುವ ಪದ್ಧತಿಯನ್ನು ಬಿಟ್ಟು, ರೋಗಿಗಳಿಗೆ ಕಬ್ಬಿಣದ ಪಾದರಕ್ಷೆ ಕಟ್ಟಿ, ಭಾರವಾದ ತೂಕವನ್ನು ಕೆಲವೇ ಸಲ ಎತ್ತಿಸಿದರು. ತಮ್ಮ ಅನುಭವವನ್ನು 1945ರಲ್ಲಿ ಪ್ರಕಟಿಸಿದರು. ಮುಂದೆ ವಾಟ್ಕಿನ್ಸ್ ಅವರೊಡನೆ ಸೇರಿ ಈ ಕ್ರಮವನ್ನು ಸರಳಗೊಳಿಸಿದರು. ಹತ್ತು ಸಲ ಮಾತ್ರ ಎತ್ತಬಲ್ಲ ತೂಕವನ್ನು ಮೊದಲು ಕಂಡುಕೊಳ್ಳಬೇಕು; ಅದರ ಅರ್ಧವನ್ನು ಹತ್ತು ಸಲ, ಮುಕ್ಕಾಲನ್ನು ಹತ್ತು ಸಲ, ಪೂರ್ಣವನ್ನು ಹತ್ತು ಸಲ ಎತ್ತಬೇಕು; ಶಕ್ತಿ ಹೆಚ್ಚಿದಂತೆ ತೂಕವನ್ನೂ ಹೆಚ್ಚಿಸಬೇಕು. ಇಂದು ವಿವರಗಳು ಎಷ್ಟೋ ಬದಲಾಗಿವೆ. ಕ್ರಮವಾಗಿ ಹೊರೆಯನ್ನು ಏರಿಸುವ ತತ್ತ್ವ ಉಳಿದುಕೊಂಡಿದೆ.

ಆದರೆ ಸ್ನಾಯು ದಪ್ಪವಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಸ್ನಾಯು ದುಡಿಯುವುದು ನರದ ಅಪ್ಪಣೆಯಂತೆ. ಆರೋಗ್ಯವಾದ ಮೊಣಕಾಲಿನೊಳಗೆ ದ್ರವವನ್ನು ತುಂಬಿ ಕೀಲನ್ನು ಊದಿಸಿದರೆ ಸಾಕು, ತೊಡೆಯ ಸ್ನಾಯು ತನಗೆ ಏನೂ ಆಗದಿದ್ದರೂ ದುರ್ಬಲವಾಗುವುದೆಂದು 1965ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಅದೇ ವರ್ಷ ಇಂಗ್ಲೆಂಡಿನ ಫ್ರೀಮನ್ ಮತ್ತು ಅವರ ಸಹೋದ್ಯೋಗಿಗಳು ಕಣಕಾಲು ಉಳುಕಿದವರನ್ನು ಅಲುಗಾಡುವ ಹಲಗೆಯ ಮೇಲೆ ನಿಲ್ಲಿಸಿ ಅಭ್ಯಾಸ ಮಾಡಿಸಿದರು. ಹೀಗೆ ಅಭ್ಯಾಸ ಮಾಡಿದವರಲ್ಲಿ ಪಾದವು ಮತ್ತೆ ಮತ್ತೆ ಹೊರಳುವ ತೊಂದರೆ ಕಡಮೆಯಾಯಿತು. ನನ್ನ ವಿದ್ಯಾರ್ಥಿ "ನಂಬುವುದಕ್ಕೆ ಆಗುವುದಿಲ್ಲ" ಎಂದದ್ದು ಭಯವೊಂದರಿಂದಲೇ ಅಲ್ಲ. ಕಾಲಿಗೂ ಮಿದುಳಿಗೂ ನಡುವಣ ವರ್ತಮಾನ ಇನ್ನೂ ಸರಿಹೋಗಿರಲಿಲ್ಲ. ಎಕ್ಸ್-ಕಿರಣದ ಚಿತ್ರ ಅದನ್ನು ತೋರಿಸಲಾರದು.

ಯಂತ್ರಗಳಿಲ್ಲದ ಕಡೆ ಇದೆಲ್ಲ ಸಾಧ್ಯವೇ ಎಂದು ಕೆಲವರು ಕೇಳಬಹುದು. ಮರಳಿನ ಚೀಲ, ತಕ್ಕಡಿ, ಅಳತೆಯ ಪಟ್ಟಿ, ಹಿಡಿದುಕೊಳ್ಳಲು ಒಂದು ಗೋಡೆ: ಆರಂಭಕ್ಕೆ ಇಷ್ಟು ಸಾಕು. ಕೊರತೆಯಿರುವುದು ಸಲಕರಣೆಯಲ್ಲಲ್ಲ, ಬರೆದುಕೊಡುವ ರೂಢಿಯಲ್ಲಿ. ಹಾಗೆಂದು ಯಾರೂ ತಾವಾಗಿಯೇ ತೂಕ ಕಟ್ಟಿಕೊಳ್ಳಬಾರದು. ಮೂಳೆ ಗಟ್ಟಿಯಾಗುವ ಮುನ್ನ ಹೊರೆ ಹಾಕಿದರೆ ಅಪಾಯವುಂಟು. ಆದುದರಿಂದಲೇ ಪ್ಲಾಸ್ಟರು ಬಿಚ್ಚಿದ ದಿನ ಎಷ್ಟು ತೂಕ, ಎಷ್ಟು ಸಲ, ವಾರಕ್ಕೆ ಎಷ್ಟು ದಿನ, ಯಾವಾಗ ಹೆಚ್ಚಿಸಬೇಕು, ಎಂಥ ನೋವು ಬಂದರೆ ನಿಲ್ಲಿಸಬೇಕು ಎಂಬುದನ್ನು ತಿಳಿದವರು ಚೀಟಿಯಲ್ಲಿ ಬರೆದುಕೊಡಬೇಕು. ರೋಗಿಯನ್ನು ಕೆಲಸಕ್ಕೆ ಕಳುಹಿಸುವ ಮುನ್ನ ಎರಡು ಕಾಲುಗಳ ಶಕ್ತಿಯನ್ನೂ ಅಳೆದು ಹೋಲಿಸಬೇಕು.

ನನ್ನ ವಿದ್ಯಾರ್ಥಿಗೆ ಕೊನೆಗೆ ಅಂಥ ಚೀಟಿಯನ್ನು ಬರೆದುಕೊಡುವವರೊಬ್ಬರು ದೊರೆತರು. ಮೂರು ತಿಂಗಳಲ್ಲಿ ಅವನು ಮೆಟ್ಟಿಲಿಗೊಂದು ಹೆಜ್ಜೆಯಿಟ್ಟು ಹತ್ತತೊಡಗಿದನು. ಅವನದು ಕುಳಿತು ಓದುವ ವಿದ್ಯೆ, ತಡವಾದರೂ ನಡೆಯಿತು. ಮೂಟೆ ಹೊರುವವನಿಗೆ, ಕೆಸರುಗದ್ದೆಯಲ್ಲಿ ನಾಟಿ ಮಾಡುವವಳಿಗೆ, ಆ ಆರು ತಿಂಗಳು ಮನೆಯವರ ಅನ್ನದ ಪ್ರಶ್ನೆ. ಮೂಳೆ ಕೂಡಿದೆ ಎಂಬಲ್ಲಿಗೆ ಅವರ ಚಿಕಿತ್ಸೆಯನ್ನು ನಿಲ್ಲಿಸುವುದು ನ್ಯಾಯವಲ್ಲ.