ಆಟದಂಗಳದ ಜಾಂಬವಂತ

ಹನುಮಂತನಗರದ ರಾಮಾಂಜನೇಯ ಗುಡ್ಡವನ್ನೇರಿ ಕೈಮುಗಿದು ಬರುವವರಿಗೆಲ್ಲ ಸಮುದ್ರಲಂಘನದ ಕಥೆ ಗೊತ್ತು. ಆದರೆ ತನ್ನ ಶಕ್ತಿಯನ್ನು ತಾನೇ ಮರೆತು ಕುಳಿತಿದ್ದ ಆಂಜನೇಯನಿಗೆ ಅದನ್ನು ನೆನಪಿಸಿಕೊಟ್ಟ ವೃದ್ಧ ಜಾಂಬವಂತನನ್ನು ಸ್ಮರಿಸುವವರು ವಿರಳ. ಹಾರಿದವನಿಗೆ ಗುಡಿಗೋಪುರ; ಹಾರೆಂದವನಿಗೆ ಬರಿಯ ಒಂದು ಮಾತು! ಆಟದಂಗಳದಲ್ಲಿ ಕೋಚ್ ಎನಿಸಿಕೊಂಡವನ ಪಾಡೂ ಇದೇ. ಬ್ಯಾಸ್ಕೆಟ್‌ಬಾಲ್ ಆಟದ ಚರಿತ್ರೆಯಲ್ಲಿ ಇಂಥ ಇಬ್ಬರು ಜಾಂಬವಂತರಿದ್ದಾರೆ.

1891ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನ ವೈ.ಎಂ.ಸಿ.ಎ. ಶಾಲೆಯಲ್ಲಿ, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿ ಈ ಆಟವನ್ನು ಹುಟ್ಟಿಸಿದವನು ಜೇಮ್ಸ್ ನೈಸ್ಮಿತ್. ಅದೇ ಸಂಸ್ಥೆಯ ಮೂಲಕ ಆಟ ಭಾರತಕ್ಕೂ ಬಂದಿತು. ಮುಂದೆ ಆತ ಕಾನ್ಸಾಸ್ ವಿಶ್ವವಿದ್ಯಾನಿಲಯದ ತಂಡಕ್ಕೆ ಕೋಚ್ ಆದ. ಫಲ? ಗೆದ್ದ ಪಂದ್ಯಗಳು 55, ಸೋತವು 60. ಹೆತ್ತವನಿಗೇ ಕೂಸು ಒಲಿಯಲಿಲ್ಲ ಎನ್ನಬಹುದು.

1933ರಲ್ಲಿ ಜಾನ್ ಮೆಕ್ಲೆಂಡನ್ ಎಂಬ ಕಪ್ಪು ಜನಾಂಗದ ತರುಣ ಆ ವಿಶ್ವವಿದ್ಯಾನಿಲಯವನ್ನು ಸೇರಿದ. ಆ ಜನಾಂಗದವರಿಗೆ ಅಲ್ಲಿನ ತಂಡದಲ್ಲಿ ಸ್ಥಾನವಿರಲಿಲ್ಲ. ವೃದ್ಧ ನೈಸ್ಮಿತ್ ಅವನನ್ನು ಶಿಷ್ಯನಾಗಿ ಸ್ವೀಕರಿಸಿ, ಆಡಲು ಬಿಡದವನಿಗೆ ಆಡಿಸುವ ವಿದ್ಯೆಯನ್ನು ಧಾರೆಯೆರೆದ. ಏಕಲವ್ಯನಿಗೆ ದೊರೆಯದ ಭಾಗ್ಯ ಅವನಿಗೆ ದೊರೆಯಿತು.

1940ರಲ್ಲಿ ಮೆಕ್ಲೆಂಡನ್, ಡರ್ಹ್ಯಾಮ್ ನಗರದಲ್ಲಿ ಕಪ್ಪು ಜನಾಂಗದವರಿಗೆಂದೇ ಇದ್ದ ಕಾಲೇಜಿನ ಮುಖ್ಯ ಕೋಚ್ ಆದ. ಎದುರಾಳಿಗೆ ಉಸಿರು ತಿರುಗಿಸಿಕೊಳ್ಳಲು ಬಿಡದ ವೇಗವೇ ಅವನ ಪದ್ಧತಿ. ಎರಡು ಜನಾಂಗದವರೂ ಕೂಡಿ ಆಡುವುದು ಆ ಸೀಮೆಯಲ್ಲಿ ನಿಷಿದ್ಧವಾಗಿದ್ದ ಕಾಲವದು. 1944ರ ಮಾರ್ಚ್ 12, ಭಾನುವಾರ. ಬಾಗಿಲುಗಳನ್ನು ಭದ್ರಪಡಿಸಿಕೊಂಡು, ಡ್ಯೂಕ್ ವಿಶ್ವವಿದ್ಯಾನಿಲಯದ ವೈದ್ಯಕೀಯ ಶಾಲೆಯ ಬಿಳಿಯರ ತಂಡದೊಡನೆ ಅವನ ಹುಡುಗರು ಗುಟ್ಟಾಗಿ ಆಡಿದರು. ಗೆದ್ದದ್ದು 88ಕ್ಕೆ 44ರಿಂದ. ಆದರೆ ಅದಕ್ಕಿಂತ ದೊಡ್ಡ ಗೆಲುವು ಆಮೇಲಿನದು: ಎರಡು ತಂಡಗಳವರೂ ಬೆರೆತು, ಹೊಸದಾಗಿ ಪಾಳಿ ಹಂಚಿಕೊಂಡು, ಮತ್ತೊಂದು ಆಟವಾಡಿದರು. ಲೋಕಕ್ಕೆ ಈ ಸಂಗತಿ ತಿಳಿದದ್ದು 1996ರಲ್ಲಿ.

1957ರಿಂದ 1959ರವರೆಗೆ ಟೆನೆಸ್ಸಿಯಲ್ಲಿ ಅವನ ಕಾಲೇಜು ತಂಡ ಸತತವಾಗಿ ಮೂರು ರಾಷ್ಟ್ರೀಯ ಪ್ರಶಸ್ತಿಗಳನ್ನು ಗಳಿಸಿತು. 1966ರಲ್ಲಿ, ಬಹುಮಟ್ಟಿಗೆ ಬಿಳಿಯರೇ ಓದುತ್ತಿದ್ದ ಕ್ಲೀವ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾನಿಲಯವೇ ಅವನನ್ನು ಕರೆದು ಕೋಚ್ ಪದವಿ ಕೊಟ್ಟಿತು. ತಂಡದಲ್ಲಿ ಆಡಲು ಸ್ಥಾನ ದೊರೆಯದವನು ತಂಡವನ್ನೇ ನಡೆಸುವವನಾದ.

ನೈಸ್ಮಿತ್‌ನ 60 ಸೋಲುಗಳ ಸಾಲವನ್ನು ಈ ಒಬ್ಬ ಶಿಷ್ಯ ಬಡ್ಡಿ ಸಹಿತ ತೀರಿಸಿದನೆನ್ನಬೇಕು. ಶಾಲೆ ಕಾಲೇಜುಗಳ ಬಯಲಿನಂಚಿನಲ್ಲಿ ಸೀಟಿ ಹಿಡಿದು ನಿಂತವರನ್ನು ಅಳೆಯುವಾಗ ಬೀರುವಿನಲ್ಲಿರುವ ಬಹುಮಾನಗಳನ್ನಷ್ಟೇ ಎಣಿಸಿದರೆ ಸಾಲದು. ಅವರ ಒಂದು ಮಾತಿನಿಂದ ತಮ್ಮ ಬಲವನ್ನು ತಾವರಿತ ಮಕ್ಕಳೆಷ್ಟು ಮಂದಿ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.