ಹಿಮಾಲಯಯಾತ್ರೆಯೂ ನಮ್ಮ ಹೊಣೆಯೂ

ದೂರದ ಬೆಟ್ಟ ನುಣ್ಣಗೆಂಬ ಗಾದೆಯನ್ನು ಅಮೃತೂರು ಹೋಬಳಿಯಲ್ಲಿ ಅರಿಯದವರಿಲ್ಲ. ಆದರೆ ಹಿಮಾಲಯದಷ್ಟು ದೂರದ ಬೆಟ್ಟದ ವಿಷಯದಲ್ಲಿ ನಾವು ಆ ಗಾದೆಯನ್ನು ಮರೆತಂತೆ ಕಾಣುತ್ತದೆ. ರಾಗಿಯ ಹೊಲ, ತೆಂಗಿನ ತೋಟಗಳ ನಡುವೆ ಬೆಳೆದು, ಹುಲಿಯೂರುದುರ್ಗದ ಬಂಡೆಯನ್ನೇರಿ ಕಾಲು ಪಳಗಿಸಿಕೊಂಡ ತರುಣನು ಇಂದು ಬೆಂಗಳೂರಿನಲ್ಲಿ ನೌಕರಿ ಹಿಡಿದು, ಹತ್ತು ದಿನದ ರಜೆಯಲ್ಲಿ ಹಿಮಾಲಯದ ನೆತ್ತಿಗೆ ಹೋಗಿಬರಬಲ್ಲನು. ಹೋಗುವವರನ್ನು ನಾವು ನಿಂದಿಸುವುದಿಲ್ಲ. ಸಾಹಸವನ್ನು ತೊರೆದ ಜನಾಂಗಕ್ಕೆ ಏಳಿಗೆಯಿಲ್ಲ. ಆದರೆ ಹಿಮವನ್ನೇ ಕಾಣದ ನಾಡಿನವರು ಅದರ ಸ್ವಭಾವವನ್ನು ತಿಳಿಯದೆ ಅದರೊಳಗೆ ಕಾಲಿಡುವುದು ಸಾಹಸವೋ ಅವಿವೇಕವೋ ಎಂಬುದನ್ನು ವಾಚಕರು ವಿಚಾರಮಾಡಬೇಕಾಗಿದೆ.

2024ನೆಯ ಜೂನ್ ತಿಂಗಳ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲದಿಂದ ಬಂದ ಸಮಾಚಾರವನ್ನು ಕನ್ನಡಿಗರು ಇನ್ನೂ ಮರೆತಿರಲಾರರು. ನಾಲ್ಕು ಸಾವಿರ ಮೀಟರಿಗೂ ಮೇಲಣ ಆ ಸರೋವರಗಳನ್ನು ನೋಡಹೋದ 22 ಮಂದಿಯ ತಂಡದಲ್ಲಿ ಬಹುಪಾಲು ನಮ್ಮ ನಾಡಿನವರೇ. ಹಿಂದಿರುಗುವ ದಾರಿಯಲ್ಲಿ ಹಿಮಬಿರುಗಾಳಿ ಎದ್ದಿತು. ಮುಂದಿನ ದಾರಿ ಕಾಣದಾಯಿತು. ಬಯಲಿನಲ್ಲಿಯೇ ರಾತ್ರಿ ಕಳೆಯಬೇಕಾಯಿತು. ಜೂನ್ 5ರಂದು ವಾಯುಪಡೆಯ ಹೆಲಿಕಾಪ್ಟರುಗಳು ಮೇಲೇರುವ ವೇಳೆಗೆ ಕಾಲ ಮೀರಿಹೋಗಿತ್ತು. 13 ಮಂದಿ ಬದುಕಿ ಬಂದರು. 9 ಮಂದಿ ಬರಲಿಲ್ಲ. ನಮ್ಮಲ್ಲಿ ಮುಂಗಾರಿನ ಬಿತ್ತನೆಗೆ ಹೊಲ ಹದಗೊಳ್ಳುವ ತಿಂಗಳಲ್ಲಿ ಅಲ್ಲಿ ಮನುಷ್ಯರು ಚಳಿಯಿಂದ ಸತ್ತರು. ಆ ಎತ್ತರದಲ್ಲಿ ಮಾಗಿಯು ಪಂಚಾಂಗವನ್ನು ನೋಡಿ ಬರುವುದಿಲ್ಲವೆಂಬ ಪಾಠಕ್ಕೆ ನಾವು ತೆತ್ತ ಬೆಲೆ ಇದು.

ಇದಕ್ಕೂ ಮುಂಚೆ, 2016ನೆಯ ಫೆಬ್ರವರಿ 3ರಂದು ಸಿಯಾಚಿನ್ನಿನಲ್ಲಿ 19,600 ಅಡಿಗಳೆತ್ತರದ ಕಾವಲುನೆಲೆಯ ಮೇಲೆ ಹಿಮದ ಗೋಡೆ ಕುಸಿದು ಹತ್ತು ಮಂದಿ ಯೋಧರನ್ನು ಹೂತುಹಾಕಿತು. ಅವರಲ್ಲಿ ಮೂವರು ಕನ್ನಡಿಗರು. ಕುಂದಗೋಳ ತಾಲ್ಲೂಕು ಬೆಟದೂರಿನ ಹಣಮಂತಪ್ಪ ಕೊಪ್ಪದರು ಆರು ದಿನಗಳ ಮೇಲೆ ಜೀವಂತವಾಗಿ ದೊರೆತು, ಫೆಬ್ರವರಿ 11ರಂದು ದೆಹಲಿಯಲ್ಲಿ ಕಣ್ಮುಚ್ಚಿದಾಗ ನಾಡೇ ಕಂಬನಿಗರೆಯಿತು. ಈ ಎರಡು ದುರಂತಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಯೋಧನಿಗೆ ಹಿಂದಿರುಗುವ ಸ್ವಾತಂತ್ರ್ಯವಿಲ್ಲ. ಅವನನ್ನು ಅಲ್ಲಿ ನಿಲ್ಲಿಸಿರುವುದು ಕರ್ತವ್ಯ. ವಿಹಾರಕ್ಕೆ ಹೋದವನಿಗೆ ಆ ಸ್ವಾತಂತ್ರ್ಯ ಪೂರ್ಣವಾಗಿದೆ. ಇರುವ ಸ್ವಾತಂತ್ರ್ಯವನ್ನು ತಕ್ಕ ಹೊತ್ತಿನಲ್ಲಿ ಬಳಸಲು ಕಲಿಸದಿರುವುದೇ ನಮ್ಮ ದೋಷ.

ಹಿಮದ ವಿಷಯದಲ್ಲಿ ನಮ್ಮ ಅಜ್ಞಾನ ಎಷ್ಟೆಂಬುದಕ್ಕೆ ನಮ್ಮ ಮಾತೇ ಸಾಕ್ಷಿ. ಆಕಾಶದಿಂದ ಹಿಮ ಬೀಳುವುದಕ್ಕೂ ಬೆಟ್ಟದ ಮೈಯಿಂದ ಹಿಮರಾಶಿ ಜರಿದು ಬರುವುದಕ್ಕೂ ಪತ್ರಿಕೆಯವರಾದ ನಾವು ಎಷ್ಟೋ ಸಲ ‘ಹಿಮಪಾತ’ವೆಂದೇ ಬರೆದುಬಿಡುತ್ತೇವೆ. ಒಂದು ಮಳೆಯಂತೆ, ಇನ್ನೊಂದು ಕಟ್ಟೆ ಒಡೆದಂತೆ. ಎರಡನೆಯದನ್ನು ಹಿಮಕುಸಿತವೆಂದು ಬೇರೆಯಾಗಿಯೇ ಕರೆಯುವುದು ಲೇಸು. ಹಿಮವು ಪದರ ಪದರವಾಗಿ ಕೂರುತ್ತದೆ. ಗಟ್ಟಿಯಾದ ಹಳೆಯ ಪದರದ ಮೇಲೆ ಹೊಸ ಹಿಮ ಬಿದ್ದು, ಗಾಳಿಯು ಅದನ್ನು ಬೆಟ್ಟದ ಮರೆಯ ಮಗ್ಗುಲಿಗೆ ಒಟ್ಟಿದಾಗ ಅದು ಜಾರಲು ಕಾದಿರುತ್ತದೆ. ಮೂವತ್ತರಿಂದ ನಲವತ್ತೈದು ಡಿಗ್ರಿಗಳ ಇಳಿಜಾರಿನಲ್ಲಿ ಅಪಾಯ ಹೆಚ್ಚು. ಅದನ್ನು ಜಾರಿಸುವುದಕ್ಕೆ ಅನೇಕ ವೇಳೆ ಅಲ್ಲಿ ನಡೆಯುವವನ ಭಾರವೇ ಸಾಕು. ಹೂತವನನ್ನು ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ ಹೊರತೆಗೆದರೆ ಬದುಕುವ ಆಸೆಯುಂಟು. ಅರ್ಧ ಗಂಟೆ ಕಳೆದರೆ ಬಹಳ ಕಡಿಮೆ. ಆದುದರಿಂದ ಅವನನ್ನು ಉಳಿಸಬೇಕಾದವರು ಕೆಳಗಿನ ಊರಿನಿಂದ ಬರುವವರಲ್ಲ, ಪಕ್ಕದಲ್ಲಿರುವ ಸಂಗಾತಿಗಳು. ಅದಕ್ಕೆ ಬೇಕಾದ ಸಂಕೇತಯಂತ್ರ, ಶೋಧನೆಯ ಕಡ್ಡಿ, ಸಲಿಕೆಗಳು ಅವರ ಬೆನ್ನಿನ ಮೇಲೆಯೇ ಇರಬೇಕು. 2022ನೆಯ ಅಕ್ಟೋಬರ್ 4ರಂದು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತಂಡವೇ ದ್ರೌಪದೀ ಕಾ ದಾಂಡಾ ಶಿಖರದಲ್ಲಿ ಹಿಮಕುಸಿತಕ್ಕೆ ಸಿಕ್ಕಿತೆಂದ ಮೇಲೆ, ತರಬೇತಿಯ ಗಂಧವೂ ಇಲ್ಲದವರ ಪಾಡೇನು?

ಅಮೃತೂರಿಗೆ ಸಮೀಪದ ಮಾರ್ಕೋನಹಳ್ಳಿ ಜಲಾಶಯವನ್ನು ನಮ್ಮ ವಾಚಕರನೇಕರು ನೋಡಿರಬಹುದು. ಶಿಂಷೆಯ ನೀರು ಗೊತ್ತಾದ ಮಟ್ಟವನ್ನು ಮುಟ್ಟಿದೊಡನೆ ಅಲ್ಲಿನ ಸೈಫನ್ನುಗಳು ಯಾರ ಅಪ್ಪಣೆಗೂ ಕಾಯದೆ ಹೆಚ್ಚಿನ ನೀರನ್ನು ತಾವಾಗಿಯೇ ಹೊರಕ್ಕೆ ಬಿಡುತ್ತವೆ. ಕಟ್ಟಿದವರು ವಿಪತ್ತಿನ ಹೊತ್ತಿನಲ್ಲಿ ಕಾವಲುಗಾರನ ಧೈರ್ಯವನ್ನು ನಂಬಲಿಲ್ಲ. ನಿರ್ಣಯವನ್ನು ಮುಂಚೆಯೇ ಮಾಡಿಟ್ಟರು. ಬೆಟ್ಟವೇರುವವರಿಗೂ ಇಂಥ ನಿಯಮವೇ ಬೇಕು. ಇಂತಿಷ್ಟು ಗಂಟೆಗೆ ಎಲ್ಲಿದ್ದರೂ ಹಿಂದಿರುಗತಕ್ಕದ್ದು, ಗಾಳಿ ಎದ್ದರೆ ಡೇರೆ ಬಿಡಕೂಡದು ಎಂದು ಕೆಳಗೆ ಬೆಚ್ಚಗೆ ಕುಳಿತಿರುವಾಗಲೇ ಬರೆದಿಡಬೇಕು. ಶಿಖರ ಕಣ್ಣೆದುರಿಗೆ ನಿಂತಾಗ, ಕೊಟ್ಟ ಹಣವೂ ಕಳೆದ ರಜೆಯೂ ನೆನಪಿಗೆ ಬಂದಾಗ, ಮನುಷ್ಯನ ವಿವೇಕ ಮಂಜಾಗುವುದು ಸಹಜ.

ಸರಕಾರದವರೂ ಈ ವಿಷಯದಲ್ಲಿ ಸುಮ್ಮನಿರಲಾಗದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಹೋಬಳಿ ಹೋಬಳಿಯ ಮಳೆಯ ಲೆಕ್ಕವನ್ನಿಡುತ್ತದೆ; ಅಮೃತೂರಿನ ರೈತನಿಗೆ ತನ್ನ ಹೋಬಳಿಯ ಮಳೆಯ ವಿಷಯ ತಿಳಿಯುವ ಏರ್ಪಾಡುಂಟು. ಅವನ ಮಗ ಹಿಮಾಲಯಕ್ಕೆ ಹೊರಟರೆ ಅಲ್ಲಿನ ಹವೆಯ ವಿಷಯವನ್ನು ಕನ್ನಡದಲ್ಲಿ ಹೇಳುವವರಾರು? ಚಂಡೀಗಢದ ರಕ್ಷಣಾ ಸಂಶೋಧನಾ ಸಂಸ್ಥೆಯು ಹಿಮಕುಸಿತದ ಅಪಾಯವನ್ನು ಐದು ದರ್ಜೆಗಳಲ್ಲಿ ಅಳೆದು ಮುನ್ಸೂಚನೆ ಹೊರಡಿಸುತ್ತದೆ. ಅದನ್ನೂ ಹವಾಮಾನ ಇಲಾಖೆಯ ಎಚ್ಚರಿಕೆಗಳನ್ನೂ ಕನ್ನಡಕ್ಕೆ ತಂದು ಪ್ರಕಟಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಎತ್ತರದ ಯಾತ್ರೆಗೆ ಇಲ್ಲಿಂದ ಜನರನ್ನು ಕರೆದೊಯ್ಯುವ ಪ್ರತಿ ತಂಡದ ಹೆಸರು, ದಾರಿ, ಮರಳುವ ದಿನಗಳು ಮೊದಲೇ ದಾಖಲಾಗಬೇಕು. ನಾಯಕನಾದವನು ಪರ್ವತಾರೋಹಣದ ತರಬೇತಿಯಲ್ಲಿ ತೇರ್ಗಡೆಯಾಗಿರಬೇಕು. ಉಪಗ್ರಹ ದೂರವಾಣಿಯನ್ನು ಅನುಮತಿಯಿಲ್ಲದೆ ಒಯ್ಯುವುದು ನಮ್ಮ ದೇಶದಲ್ಲಿ ಅಪರಾಧ. ಆದುದರಿಂದ ಅನುಮತಿ ಪಡೆದ ಯಂತ್ರಗಳನ್ನು ಇಂಥ ತಂಡಗಳಿಗೆ ಎರವಲು ಕೊಡುವ ಏರ್ಪಾಡನ್ನು ಜನರಲ್ ತಿಮ್ಮಯ್ಯನವರ ಹೆಸರಿನ ಸಾಹಸ ಅಕಾಡೆಮಿಯ ಮೂಲಕ ಏಕೆ ಮಾಡಬಾರದು?

ಅನ್ಯರಾಜ್ಯದ ಬೆಟ್ಟಕ್ಕೆ ನಮ್ಮ ಸರಕಾರ ಹೇಗೆ ನಿಯಮ ಹಾಕೀತೆಂದು ಕೆಲವರು ಕೇಳಬಹುದು. ಬೆಟ್ಟ ಅಲ್ಲಿಯದಾದರೂ ಹೊರಡುವ ಜನ ಇಲ್ಲಿಯವರು. ಹಣ ಸೇರುವುದು ಇಲ್ಲಿ. ಶೋಕದ ಮನೆಗಳೂ ಇಲ್ಲಿಯವೇ. ನಿಯಮಗಳಿಂದ ಸಾಹಸ ಕುಗ್ಗೀತೆಂಬ ಭಯವೂ ನಿರಾಧಾರ. ಈಜು ಕಲಿಸಿದರೆ ಕೆರೆಗಿಳಿಯುವವರು ಕಡಿಮೆಯಾಗುವುದಿಲ್ಲ, ಮುಳುಗುವವರು ಕಡಿಮೆಯಾಗುತ್ತಾರೆ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕುವ ಪದ್ಧತಿಯನ್ನು ಬಿಟ್ಟು, ಮುಂದಿನ ತಂಡ ರೈಲು ಹತ್ತುವ ಮುನ್ನವೇ ಅಧಿಕಾರಿಗಳು ಈ ಕಾರ್ಯಕ್ಕೆ ತೊಡಗಬೇಕೆಂದು ಒತ್ತಾಯಪಡಿಸುತ್ತೇವೆ. ಮಕ್ಕಳನ್ನು ಹರಸಿ ಕಳುಹಿಸುವ ತಂದೆತಾಯಿಗಳಲ್ಲಿ ನಮ್ಮ ವಿಜ್ಞಾಪನೆಯೂ ಒಂದುಂಟು: ಶಿಖರ ಮುಟ್ಟಿದೆಯಾ ಎಂದು ಕೇಳುವ ಮುನ್ನ, ಯಾವ ಹೊತ್ತಿಗೆ ಹಿಂದಿರುಗುವೆಯೆಂದು ಗೊತ್ತುಮಾಡಿಕೊಂಡಿದ್ದೀಯಾ ಎಂದು ಕೇಳಿರಿ.